ತೆರಕಣಾಂಬಿಯವ್ವನ ಹೆಸರು

ಮೊಮ್ಮಗಳು ಹುಟ್ಟಿ ಮೂರು ತಿಂಗಳಾಯಿತು. ನನಗೆ ಇನ್ನೂ ಕೂತಲ್ಲಿ ಕೂರುವುದಕ್ಕಾಗುತ್ತಿಲ್ಲ. ಒಲೆ ಮೇಲೆ ಸಾರಿಟ್ಟು ಬೀದಿ ಬಾಗಿಲಿಗೆ ಬರುತ್ತೇನೆ, ಬಾಗಿಲಲ್ಲಿ ನಿಂತವಳು ಯಾಕೆ ಬಂದೆ ಅಂತ ಮರೆತು ಒಳಗೆ ಹೋಗುತ್ತೇನೆ. ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ. ಆದರೆ ಚಂದಕವಾಡಿಯ ನಮ್ಮ ಬೀದಿಯಲ್ಲಿ ಎಲ್ಲರಿಗೂ ಎರಡೆರಡು ಸಲ ಹೇಳಿ ಮುಗಿದಿದೆ, ಈಗ ನನ್ನ ಕಂಡರೆ ಕೊಡ ಎತ್ತಿಕೊಂಡು ನಡೆಯುತ್ತಾರೆ. ಅದಕ್ಕೇ ಬರೆಯಲು ಕೂತೆ. ಓದಿದ್ದು ಮೂರನೇ ಕ್ಲಾಸು. ಸಾಲು ಒಂದು ಕಡೆಯಿಂದ ಮೇಲಕ್ಕೆ ಹತ್ತಿಕೊಂಡು ಹೋಗುತ್ತದೆ, ನನ್ನ ಹಾಗೇ ಅದಕ್ಕೂ ನಿಂತಲ್ಲಿ ನಿಲ್ಲುವುದು ಗೊತ್ತಿಲ್ಲ.

ಮಗನಿಗೆ ಮದುವೆಯಾಗಿ ಎಂಟು ವರ್ಷಕ್ಕೆ ಆದ ಕೂಸು. ಚಾಮರಾಜನಗರದ ಆಸ್ಪತ್ರೆಯಲ್ಲಿ ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಕೂಸು ಹುಬ್ಬು ಗಂಟು ಹಾಕಿಕೊಂಡು ನನ್ನನ್ನೇ ನೋಡಿತು. ಆ ಗಂಟು ನನಗೆ ಗೊತ್ತಿತ್ತು. ರಾಗಿ ಬೀಸುವಾಗ ನಾವು ಗಲಾಟೆ ಮಾಡಿದರೆ ಅವ್ವ ಹೀಗೇ ನೋಡುತ್ತಿದ್ದಳು.

“ಅಯ್ಯೋ, ನಮ್ಮವ್ವ ಬಂದ್ಬುಟ್ಲು ಕಣ್ರೋ! ಇವಳಿಗೆ ನಮ್ಮವ್ವನ ಎಸ್ರೇ ಇಡ್ಬೇಕು” ಅಂತ ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಿಬಿಟ್ಟೆ.

ಅವ್ವ ಅಂದರೆ ನನ್ನ ಹೆತ್ತವಳಲ್ಲ, ಅಪ್ಪನ ತಾಯಿ. ಹೆತ್ತವಳು ನನ್ನ ತಮ್ಮನನ್ನು ಹೆತ್ತ ವಾರಕ್ಕೇ ಹೋದಳು. ಉಡಿಗಾಲದ ಆ ಮನೆಯಲ್ಲಿ ನಮ್ಮಿಬ್ಬರಿಗೂ ಉಣ್ಣಿಸಿ, ಮೀಯಿಸಿ, ಹೇನು ತೆಗೆದು ಸಾಕಿದವಳು ಅವ್ವ. ನನಗೆ ಒಂಬತ್ತು ವರ್ಷವಿದ್ದಾಗ ಅವಳೂ ಹೋದಳು. ತಮ್ಮನನ್ನು ಸೊಂಟಕ್ಕೆ ಹತ್ತಿಸಿಕೊಂಡು ನಾನು ಸ್ಕೂಲು ಬಿಟ್ಟಿದ್ದು ಆಗಲೇ.

ನನ್ನ ಸೊಸೆ ಗುಂಡ್ಲುಪೇಟೆಯವಳು, ಓದಿದವಳು, ನಯವಾಗಿ ಮಾತಾಡುತ್ತಾಳೆ. ಮಂಚದ ಮೇಲಿಂದಲೇ ನಕ್ಕಳು. “ಆಗಲಿ ಅತ್ತೆ, ನಿಮ್ಮಿಷ್ಟ. ಏನು ಹೆಸರು ಅವರದು?”

ಬಾಯಿ ತೆರೆದೆ. ಅವ್ವ ಅಂತಷ್ಟೇ ಬಂತು.

ನಾವು ಅವ್ವ ಅಂತಿದ್ದೆವು. ಅಪ್ಪನೂ ಅವ್ವ ಅಂತಿದ್ದ. ಊರವರು ತೆರಕಣಾಂಬಿಯವ್ವ ಅಂತಿದ್ದರು. ಅಷ್ಟೆ. ನನ್ನನ್ನು ಬದುಕಿಸಿದ ಜೀವಕ್ಕೆ ಒಂದು ಹೆಸರಿತ್ತು, ಅದು ಏನು ಅಂತ ಅರವತ್ತು ವರ್ಷ ದಾಟಿದರೂ ನಾನು ಯಾರನ್ನೂ ಕೇಳಿರಲಿಲ್ಲ. ಸಂತೋಷದ ನಡುವೆ ಮುಖ ಸುಟ್ಟ ಹಾಗಾಯಿತು. ಸೊಸೆಗೆ ಅದು ಕಂಡಿತು. “ನಾಮಕರಣಕ್ಕೆ ಇನ್ನೂ ಒಂದು ತಿಂಗಳಿದೆ, ವಿಚಾರಿಸಿ ಅತ್ತೆ. ಸಿಗದಿದ್ದರೆ ನಾವು ಒಂದು ನೋಡಿಟ್ಟಿದ್ದೀವಿ” ಅಂದಳು. ಅವರು ನೋಡಿಟ್ಟ ಹೆಸರು ಮೊಬೈಲಿನಲ್ಲಿತ್ತು. ಚೆನ್ನಾಗೇ ಇತ್ತು. ಆದರೆ ಆ ಹುಬ್ಬಿಗೆ ಅದು ಸೇರುತ್ತಿರಲಿಲ್ಲ.

ಮಾರನೇ ದಿನವೇ ಉಡಿಗಾಲಕ್ಕೆ ಹೋದೆ. ತಮ್ಮ ಅದೇ ಮನೆಯಲ್ಲಿದ್ದಾನೆ, ಅರಿಶಿನ, ಸಣ್ಣ ಈರುಳ್ಳಿ ಬೆಳೆಯುತ್ತಾನೆ. ಅವನನ್ನು ಕೇಳಿದೆ.

“ಯಾನಕ್ಕ, ನಿಂಗೇ ಗೊತ್ತಿಲ್ಲ, ನಂಗ ಗೊತ್ತಿದ್ದದಾ? ನಾ ಆಗ ಚಡ್ಡಿನೂ ಇಕ್ತಿರ್ಲಿಲ್ಲ.”

ಊರಲ್ಲಿ ಆ ಕಾಲದವರು ಯಾರೂ ಉಳಿದಿರಲಿಲ್ಲ. ಇದ್ದ ಒಬ್ಬ ಮುದುಕಪ್ಪ, “ತೆರಕಣಾಂಬಿಯವ್ವ ಅಲ್ವಾ? ಒಳ್ಳೆ ಹೆಣ್ಮಗಳು” ಅಂತ ಅದನ್ನೇ ತಿರುಗಿಸಿ ನನಗೇ ಹೇಳಿದ. ತಮ್ಮನ ಪೆಟ್ಟಿಗೆಯಲ್ಲಿ ಉಡಿಗಾಲದ ಜಮೀನಿನ ಪಹಣಿ ಒಂದು ಸಿಕ್ಕಿತು, ಅಪ್ಪನ ಕಾಲದ್ದು. ಅದರಲ್ಲಿ ಅಪ್ಪನ ಹೆಸರು, ಬಿನ್ ಅಂತ ಬರೆದು ತಾತನ ಹೆಸರು. ಇಂಥವನ ಮಗ ಇಂಥವನು. ಸರ್ಕಾರದ ಕಾಗದದಲ್ಲಿ ಗಂಡಸರಿಗೆ ಗಂಡಸರೇ ಹುಟ್ಟಿದ ಹಾಗೆ ಬಿನ್, ಬಿನ್ ಅಂತ ಹೋಗುತ್ತದೆ.

“ತಾತ ಇದ್ದದ್ದು ತೆರಕಣಾಂಬಿಲಿ. ಆಮ್ಯಾಕ ಅವ್ವ ಅಪ್ಪನ್ನ ಕರ್ಕಂಡು ಇಲ್ಲಿಗ ಬಂದದ್ದು. ಅದಕ್ಕೇ ನಮ್ಮ ಮನಗ ತೆರಕಣಾಂಬಿಯೋರ ಮನೆ ಅನ್ನದು. ಗುಂಡ್ಲುಪೇಟಲಿ ರೆಕಾರ್ಡ್ ರೂಮ್ ಅದೆ, ತಾತನ ಜಮೀನು ಸಿಕ್ರೆ ಅವ್ವನ ಎಸ್ರೂ ಅಲ್ಲೇ ಇರ್ತದ” ಅಂದ ತಮ್ಮ. ನಾವು ಚಿಕ್ಕಂದಿನಿಂದ ತಿಳಿದಿದ್ದೂ ಹಾಗೇ. ಉಡಿಗಾಲದ ಜಮೀನು ಅಪ್ಪ ಆಮೇಲೆ ಮಾಡಿಕೊಂಡದ್ದು ಅಂದುಕೊಂಡಿದ್ದೆವು.

ಗುಂಡ್ಲುಪೇಟೆಗೆ ಹೋಗುವುದಕ್ಕೆ ನನಗೆ ನೆಪ ಬೇಕಿರಲಿಲ್ಲ. ಬಾಣಂತನ ಅಲ್ಲಿ ಬೀಗರ ಮನೆಯಲ್ಲೇ ನಡೆಯುತ್ತಿತ್ತು. ಚಂದಕವಾಡಿಯಿಂದ ಒಂದು ಬಸ್ಸು, ಚಾಮರಾಜನಗರದಿಂದ ಇನ್ನೊಂದು. ಬಸ್ಸು ಪ್ರತಿ ಊರಲ್ಲೂ ನಿಂತರೆ ನನ್ನ ಜೀವ ಕಿಟಕಿಯಿಂದ ಇಳಿದು ಮುಂದೆ ಓಡುತ್ತಿತ್ತು. ಮೊದಲು ತಾಲೂಕು ಕಚೇರಿ, ಆಮೇಲೆ ಕೂಸು ಅಂತ ಮನೆಯಿಂದ ಲೆಕ್ಕ ಹಾಕಿಕೊಂಡು ಹೊರಟರೂ ಕಾಲು ಮೊದಲು ಕೂಸಿನ ಹತ್ತಿರವೇ ಹೋಗಿಬಿಡುತ್ತಿತ್ತು. ಅಂಗೈಯಲ್ಲಿ ಅದರ ಹಿಮ್ಮಡಿ ಹಿಡಿದು ನೋಡಿ, ಮುತ್ತಿಟ್ಟು, ಆಮೇಲೆ ಕಚೇರಿ.

ರೆಕಾರ್ಡ್ ರೂಮಿನಲ್ಲಿ ಒಬ್ಬ ಕನ್ನಡಕದ ಗುಮಾಸ್ತರು. ತಾತನ ಹೆಸರು ಕೊಟ್ಟೆ.

“ಸರ್ವೆ ನಂಬರ್ ಎಷ್ಟಮ್ಮ?”

“ನಂಬರ್ ಗೊತ್ತಿಲ್ಲ ಸ್ವಾಮಿ. ತಾತ ಗೊತ್ತು.”

ಅವರು ನಕ್ಕುಬಿಟ್ಟರು. ಜಮೀನಿನ ಪುಸ್ತಕಗಳು ಮನುಷ್ಯರ ಹೆಸರಿನ ಮೇಲಲ್ಲ, ನೆಲದ ನಂಬರಿನ ಮೇಲೆ ಇರುತ್ತವೆ, ಆದರೂ ನೋಡುತ್ತೇನೆ, ಅರ್ಜಿ ಬರೆದುಕೊಟ್ಟು ಮುಂದಿನ ವಾರ ಬನ್ನಿ ಅಂದರು. ಆ ವಾರವನ್ನು ಹೇಗೆ ಕಳೆದೆ ಅಂತ ನನಗೇ ಗೊತ್ತಿಲ್ಲ. ನಮ್ಮ ಮನೆಯವರು, “ಕಾಲಿಗ ಚಕ್ರ ಕಟ್ಕಂಡವ್ಳೆ, ಒಂದು ಗಳಿಗೆ ಕೂತ್ಕ” ಅಂತ ಗದರುತ್ತಿದ್ದರು. ಕೂತರೆ ಆ ಪುಸ್ತಕಗಳು ಕಣ್ಣ ಮುಂದೆ ಬರುತ್ತಿದ್ದವು, ಅವ್ವ ಅದರೊಳಗೆ ಎಲ್ಲೋ ಉಸಿರು ಬಿಗಿ ಹಿಡಿದು ಕೂತ ಹಾಗೆ.

ಮುಂದಿನ ವಾರ ತಮ್ಮನನ್ನೂ ಎಳೆದುಕೊಂಡು ಹೋದೆ. ಗುಮಾಸ್ತರು ಒಂದು ನಕಲು ಕೈಗಿಟ್ಟರು. ತೆರಕಣಾಂಬಿಯಲ್ಲಿ ತಾತನ ಹೆಸರಿನವನೇ ಒಬ್ಬ. ಅವನು ತೀರಿದ ಮೇಲೆ ಜಮೀನು ಹೆಂಡತಿ ಮಕ್ಕಳಿಗೆ. ಹೆಂಡತಿಯ ಹೆಸರು ಎದ್ದು ಕಾಣುತ್ತಿತ್ತು. ಬೇಕರಿಯಿಂದ ಮೈಸೂರುಪಾಕು ತಂದು ಕಚೇರಿಯಲ್ಲಿ ಸಿಕ್ಕಿದವರಿಗೆಲ್ಲ ಹಂಚಿದೆ. ಅರ್ಜಿ ಬರೆಸಲು ಬಂದಿದ್ದ ಕೇರಳದ ಲಾರಿ ಡ್ರೈವರಿಗೂ ಕೊಟ್ಟೆ. ಯಾಕೆ ಅಂತ ಅವನು ಕೇಳಲಿಲ್ಲ, ತಿಂದ. ಅಲ್ಲಿಂದ ಬೀಗರ ಮನೆಗೆ ಓಡಿಹೋಗಿ ಸೊಸೆಗೆ ಹೆಸರು ಹೇಳಿದೆ. ಅವಳು ಅಲ್ಲೇ ಮೊಬೈಲಿನಲ್ಲಿ ನಾಮಕರಣದ ಆಮಂತ್ರಣಕ್ಕೆ ಅದನ್ನು ಸೇರಿಸಿದಳು.

ವಾಪಸ್ಸು ಬಸ್ಸಿನಲ್ಲಿ ಆ ಕಾಗದ ಬಿಚ್ಚಿದೆ. ನಾನು ಒಂದೊಂದೇ ಅಕ್ಷರ ಕೂಡಿಸಿ ಓದುವವಳು, ಕಚೇರಿಯ ಗಡಿಬಿಡಿಯಲ್ಲಿ ಹೆಸರೊಂದನ್ನೇ ಓದಿದ್ದೆ. ಬಸ್ಸು ತೆರಕಣಾಂಬಿಯಲ್ಲಿ ನಿಲ್ಲುವ ಹೊತ್ತಿಗೆ ಕೆಳಗಿನ ಸಾಲಿಗೆ ಬಂದಿದ್ದೆ. ಮಕ್ಕಳು ಅಂತ ಮೂರು ಹೆಸರಿದ್ದವು. ಮೂರರಲ್ಲಿ ಒಂದೂ ಅಪ್ಪನದಲ್ಲ. ಅಪ್ಪ ಒಬ್ಬನೇ ಮಗ.

ತಮ್ಮನಿಗೆ ತೋರಿಸಿದೆ. ಅವನು ಎರಡು ಸಲ ಓದಿ ಕಾಗದ ಮಡಿಸಿದ.

“ಬುಡಕ್ಕ. ಎಸ್ರು ಚೆಂದಾಗದೆ. ಇದನ್ನೇ ಇಟ್ಬುಡನ. ಅವ್ವ ಬಂದು ಕೇಳ್ತಾಳಾ?”

“ಯಾರೋ ಕಂಡೋರ ಅಜ್ಜಿ ಎಸ್ರ ನನ್ನ ಮೊಮ್ಮಗಳಿಗ ಯಾಕ್ಲಾ?”

“ಮೈಸೂರುಪಾಕು ಹಂಚ್ಬುಟ್ಟಲ್ಲ, ಅದನ್ನ ಎಂಗ ವಾಪಸ್ ಈಸ್ಕತೀಯ?”

ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು. ನನಗೆ ಅಳು ಬರುತ್ತಿತ್ತು, ನಗುವೂ ಬಂತು. ಅವನ ಫೋನು ಕಿತ್ತುಕೊಂಡು ಸೊಸೆಗೆ ಮಾಡಿ, “ಕಳಿಸ್ಬೇಡ ಕಣವ್ವ, ಯಾರ್ಗೂ ಕಳಿಸ್ಬೇಡ, ಅವಳು ನಮ್ಮೋಳಲ್ಲ” ಅಂದೆ. ಅವಳು, “ಅತ್ತೆ, ಭಾನುವಾರ ನಾಮಕರಣ. ಶುಕ್ರವಾರದವರೆಗೆ ಕಾಯ್ತೀನಿ” ಅಂದಳು. ಅದು ಮಂಗಳವಾರ.

ಬುಧವಾರ ಬೆಳಿಗ್ಗೆ ಕೆಲಸದಲ್ಲಿ ಕೈ ನಿಲ್ಲುತ್ತಿರಲಿಲ್ಲ. ಪಾತ್ರೆಯನ್ನು ತೊಳೆದಿದ್ದೇ ತೊಳೆಯುತ್ತಿದ್ದೆ. ಎದುರು ಮನೆಯಲ್ಲಿ ನನ್ನ ಓರಗಿತ್ತಿ ಇದ್ದಾಳೆ, ನನ್ನ ಭಾವನ ಹೆಂಡತಿ, ನನಗಿಂತ ಹಿರಿಯಳು. ಜಗಲಿಯಿಂದಲೇ ಕೂಗಿದಳು. “ಏ ಉಡಿಗಾಲದವಳೇ, ನಿಮ್ಮವ್ವ ಸಿಕ್ಕುದ್ಲಾ?”

“ಇಲ್ಲ ಕಣಕ್ಕ” ಅಂದೆ. ಅಂದವಳು ಪಾತ್ರೆ ಹಿಡಿದು ಹಾಗೇ ನಿಂತೆ.

ಉಡಿಗಾಲದವಳು. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ನಾನು ಉಡಿಗಾಲದವಳೇ. ನಮ್ಮ ಕಡೆ ಸೊಸೆಯನ್ನು ಹೆಸರು ಹಿಡಿದು ಕೂಗುವುದಿಲ್ಲ, ಅವಳು ಹುಟ್ಟಿದ ಊರಿನಿಂದ ಕೂಗುತ್ತಾರೆ. ನನ್ನ ಓರಗಿತ್ತಿ ಈ ಬೀದಿಗೆಲ್ಲ ಕೊಳ್ಳೇಗಾಲದವಳು. ಹಾಗಾದರೆ ತೆರಕಣಾಂಬಿಯವ್ವ? ತೆರಕಣಾಂಬಿ ತಾತನ ಊರು ಹೇಗಾಗುತ್ತದೆ? ಅದು ಅವ್ವನ ತವರು! ತಾತ ಉಡಿಗಾಲದವನೇ. ಗಂಡ ಸತ್ತ ಮೇಲೆ ಮನೆ ನಡೆಸಿದವಳು ಅವಳು, ಅದಕ್ಕೇ ಅದು ತೆರಕಣಾಂಬಿಯವಳ ಮನೆಯಾಯಿತು, ಹೋಗ್ತಾ ಹೋಗ್ತಾ ತೆರಕಣಾಂಬಿಯೋರ ಮನೆಯಾಯಿತು. ನಲವತ್ತು ವರ್ಷಕ್ಕೂ ಮೇಲೆ ಹಾಗೆ ಕರೆಸಿಕೊಂಡವಳು ನಾನು, ನನಗೇ ಹೊಳೆಯಲಿಲ್ಲ. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ತಮ್ಮನಿಗೆ ಫೋನು ಮಾಡಿದೆ.

“ಲೋ, ಆ ಪಹಣಿ ತಕ್ಕಂಡು ಚಾಮರಾಜನಗರಕ್ಕ ಬಾ. ಅವ್ವ ಅಲ್ಲೇ ಅವ್ಳೆ.”

“ನಾಳ ಬತ್ತಿನಿ ಕಣಕ್ಕ. ಈರುಳ್ಳಿ ಕೀಳ್ತಾವ್ರೆ.”

“ಈಗ ಬಾ. ಈರುಳ್ಳಿ ಎಲ್ಲಿಗೂ ಓಗಲ್ಲ.”

ಅವನು ಬೈದುಕೊಂಡೇ ಬಂದ. ಚಾಮರಾಜನಗರದ ರೆಕಾರ್ಡ್ ರೂಮಿನಲ್ಲಿ ಒಬ್ಬ ಹೆಣ್ಣುಮಗಳು, ನನ್ನ ಮಗಳ ವಯಸ್ಸು. ಈ ಸಲ ನಮ್ಮ ಹತ್ತಿರ ಸರ್ವೆ ನಂಬರ್ ಇತ್ತು. ನಾಮಕರಣದ ವಿಷಯ ಹೇಳಿದೆ, ಎರಡು ಬಸ್ಸಿನ ವಿಷಯವನ್ನೂ ಹೇಳಿದೆ, ಕೂಸಿನ ಹುಬ್ಬಿನ ವಿಷಯ ಹೇಳುವಾಗ ತಮ್ಮ ನನ್ನ ಕಾಲು ತುಳಿದ. ಆಕೆ ಅರ್ಜಿ ತೆಗೆದುಕೊಂಡು, “ಶುಕ್ರವಾರ ಬೆಳಿಗ್ಗೆ ಬನ್ನಿ ಅಮ್ಮ, ಹುಡುಕಿಟ್ಟಿರ್ತೀನಿ” ಅಂದಳು.

ಶುಕ್ರವಾರ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ಕೂತೆವು. ಕೂತದ್ದು ತಮ್ಮ, ನಾನು ಓಡಾಡಿದೆ. ಆಕೆ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು ಬಿಚ್ಚಿದಳು. ಒಳಗೆ ದಪ್ಪ ಪುಸ್ತಕ, ಹಾಳೆಯ ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿ ಉದುರುತ್ತಿತ್ತು. ಖಾತೆ ಒಬ್ಬರಿಂದ ಒಬ್ಬರಿಗೆ ಬದಲಾದದ್ದನ್ನು ಬರೆಯುವ ಪುಸ್ತಕವಂತೆ. ಆಕೆ ಬೆರಳಿಟ್ಟು ಓದಿದಳು. ಉಡಿಗಾಲ, ಅದೇ ನಂಬರು, ತಾತನ ಹೆಸರು, ಮರಣ. ಆಮೇಲೆ ಅಪ್ಪನ ಹೆಸರು. ಪಕ್ಕದಲ್ಲಿ ಮೈನರ್ ಅಂತ ಇತ್ತು. ಅದರ ಪಕ್ಕದಲ್ಲಿ, ಗಾರ್ಡಿಯನ್ ತಾಯಿ.

“ಓದ್ಲಾ?” ಅಂದಳು.

“ಬೇಡ, ನಾನೇ ಓದ್ತೀನಿ” ಅಂದೆ.

ಯಾವ ಕಾಲದ ಶಾನುಭೋಗರ ಕೈಬರಹವೋ, ಅಕ್ಷರ ಒಂದಕ್ಕೊಂದು ತಗುಲಿಕೊಂಡಿತ್ತು. ಬೆರಳಿಡಲು ಹೋದೆ. “ಮುಟ್ಟಬೇಡಿ ಅಮ್ಮ, ಪುಡಿಯಾಗುತ್ತೆ” ಅಂದಳು. ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ಓದಿದೆ. ಮೊದಲ ಅಕ್ಷರ, ಎರಡನೆಯದು, ಮೂರನೆಯದು. ಮುಂದಕ್ಕೆ ಅಮ್ಮ. ತಮ್ಮ ನನ್ನ ಭುಜದ ಮೇಲಿಂದ ಓದಿ ಮುಗಿಸಿ ಆಗಲೇ ಮೂಗು ಒರೆಸಿಕೊಳ್ಳುತ್ತಿದ್ದ. ನನಗೆ ಸುಳ್ಳು ಹೇಳುವುದಕ್ಕೆ ಅಂತ ಕಿಟಕಿ ಕಡೆ ತಿರುಗಿ, “ಧೂಳು ಕಣಕ್ಕ” ಅಂದ.

ಆಕೆ ಪುಸ್ತಕ ಮುಚ್ಚುವ ಮುಂಚೆ ಒಂದು ಮಾತು ಹೇಳಿದಳು. “ನಿಮ್ಮ ತಂದೆ ಆಗ ಚಿಕ್ಕವರಾಗಿದ್ದಕ್ಕೆ ತಾಯಿ ಹೆಸರು ಬರೆದಿದ್ದಾರೆ. ದೊಡ್ಡವರಾಗಿದ್ದಿದ್ದರೆ ಇದು ಇಲ್ಲಿ ಬರ್ತಾನೇ ಇರಲಿಲ್ಲ.” ಆ ಮಾತು ಆಮೇಲೆ ನನ್ನನ್ನು ಬಹಳ ಕಾಡಿದೆ. ಅವ್ವನಿಗೆ ಬಂದ ಕಷ್ಟದ ದಿನವೇ ಅವಳ ಹೆಸರು ಉಳಿದ ದಿನ. ಅದಕ್ಕೆ ನಾನು ಸಂತೋಷಪಟ್ಟೆನಲ್ಲ ಅಂತ ಒಂದು ಕಡೆ ಸಂಕಟ. ಪಟ್ಟದ್ದಂತೂ ನಿಜ. ಮೆಟ್ಟಿಲಿಳಿದು ಅಲ್ಲಿಂದಲೇ ಸೊಸೆಗೆ ಫೋನು ಮಾಡಿ, ಒಂದೊಂದು ಅಕ್ಷರವಾಗಿ ಹೇಳಿ ಬರೆಸಿದೆ. ಅವಳು ಒಂದು ಸಲ ಮೆಲ್ಲಗೆ ಹೇಳಿ ನೋಡಿ, “ಅಮ್ಮ ತೆಗೆದರೆ ಚೆನ್ನಾಗಿ ಕೇಳುತ್ತೆ ಅತ್ತೆ” ಅಂದಳು. ಒಂದು ಕ್ಷಣ ಯೋಚನೆ ಮಾಡಿದೆ. ಶಾಲೆಗೆ ಹೋಗುವ ಕೂಸು, ತೆಗೆಯಲಿ ಅಂದೆ.

ಭಾನುವಾರ ಬೀಗರ ಮನೆ ತುಂಬ ಜನ. ಸೋದರತ್ತೆಯೇ ಹೆಸರಿಡಬೇಕು, ಹಾಗಾಗಿ ನನ್ನ ಮಗಳು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಮೂರು ಸಲ ಹೇಳಿದಳು. ಆಮೇಲೆ ಒಬ್ಬೊಬ್ಬರಾಗಿ ತೊಟ್ಟಿಲ ಹತ್ತಿರ ಹೋಗಿ ಹೆಸರು ಕೂಗಿದರು. ನನ್ನ ಸರದಿ ಬಂತು. ಸಾಕಿದವಳ ಹೆಸರು ಹಿಡಿದು ಕೂಗುವುದು ಹೇಗೆ? ಅವ್ವಾ ಅಂತಲೇ ಬಾಯಿಗೆ ಬಂತು.

ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು. “ನೀವೂ ಅವ್ವ ಅಂದರೆ ನಾಳೆ ಇವಳ ಮೊಮ್ಮಕ್ಕಳೂ ಹುಡುಕಿಕೊಂಡು ಹೋಗಬೇಕಾಗುತ್ತೆ ಅತ್ತೆ” ಅಂದಳು.

“ಕೂಗಕ್ಕ, ಯಾರ್ ಬಯ್ದಾರು?” ಅಂದ ತಮ್ಮ ಹಿಂದಿನಿಂದ.

ಕೂಗಿದೆ. ಮೊದಲ ಸಲ ನನಗೇ ಕೇಳಿಸಲಿಲ್ಲ. ಎರಡನೇ ಸಲ ತೊಟ್ಟಿಲಿಗೆ ಕೇಳಿಸಿತು. ಮೂರನೇ ಸಲ ಬೀದಿಗೇ ಕೇಳಿಸಿರಬೇಕು. ಆಮೇಲೆ ನಿಲ್ಲಿಸುವುದಕ್ಕೇ ಆಗಲಿಲ್ಲ, ಕೂಗುತ್ತಲೇ ಇದ್ದೆ. ಕೂಸು ಬೆಚ್ಚಿ ಎದ್ದು, ಮುಷ್ಟಿ ಕಟ್ಟಿ, ನನಗಿಂತ ಜೋರಾಗಿ ಅಳುವುದಕ್ಕೆ ಶುರುಮಾಡಿತು.