ಡ್ರಿಲ್ ಮಿಸ್ ಕೇಳಿ ತಂದ ದರಗು

ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಬೀದಿಯ ಆ ತುದಿಯಿಂದ ವಿಸಿಲ್ ಕೇಳುತ್ತಿತ್ತು. ಒಂದು ಉದ್ದ, ಒಂದು ಗಿಡ್ಡ. ಒಳಗೆ ಬಟಾಣಿಯಂಥ ಗುಂಡು ಕುಣಿಯುವ ಹಳೆಯ ಹಿತ್ತಾಳೆ ವಿಸಿಲ್ ಅದು. ಉದ್ದದ್ದು ಹಸಿಕಸಕ್ಕೆ, ಗಿಡ್ಡದ್ದು ಒಣಕಸಕ್ಕೆ ಎಂದು ಊದುವವರ ಲೆಕ್ಕ. ನಮಗೆ ಎರಡೂ ಬೈಗುಳದ ಥರವೇ ಕೇಳಿಸುತ್ತಿದ್ದವು.

ಊದುವವರು ನಮ್ಮ ಎದುರು ಮನೆಯ ಡ್ರಿಲ್ ಮಿಸ್. ಸರಕಾರಿ ಹೈಸ್ಕೂಲಿನಿಂದ ರಿಟೈರ್ ಆಗಿ ಎಷ್ಟೋ ವರ್ಷವಾಗಿದ್ದರೂ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಆ ವಿಸಿಲ್ ತಪ್ಪುತ್ತಿರಲಿಲ್ಲ. ನಾನು ಸಿಸ್ಟರ್‌ಗಳ ಕೈಯಲ್ಲಿ ಕಲಿತವಳು. ಮೆತ್ತಗೆ ಮಾತಾಡುವುದು, ನ್ಯಾಪ್ಕಿನ್ ಮಡಚುವುದು, ಎಲ್ಲದಕ್ಕೂ 'ಪ್ಲೀಸ್' ಸೇರಿಸುವುದು. ಅದಕ್ಕೇ ನಾನು ಅವರ ಬಾಯಲ್ಲಿ 'ಕಾನ್ವೆಂಟಮ್ಮ'. ಐ ಮಸ್ಟ್ ಸೇ, ಆ ಹೆಸರಿನಿಂದ ನನ್ನನ್ನು ಕರೆಯುವವರು ಈಗ ಯಾರೂ ಇಲ್ಲ.

ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯ ಸಣ್ಣ ಪೇಟೆ ನಮ್ಮದು. ಪೇಟೆಯ ಕಸವನ್ನೆಲ್ಲ ಗುಡ್ಡದ ಹಳೇ ಕಲ್ಲುಕ್ವಾರಿಗೆ ಸುರಿಯುವುದೆಂದು ಪಂಚಾಯಿತಿ ಯೋಚಿಸಿತು. ಕ್ವಾರಿಯ ಕೆಳಗೆ ಕೆಳಕೇರಿ. ಕುಡಿಯಲು ಅವರಿಗೆ ಇರುವುದು ಒಂದೇ ಬಾವಿ, ಅದೂ ಕ್ವಾರಿಯ ಬುಡದಲ್ಲೇ. ಗ್ರಾಮಸಭೆಯಲ್ಲಿ ಕೆಳಕೇರಿಯ ಹೆಂಗಸೊಬ್ಬಳು ಎದ್ದು ನಿಂತಳು.

"ನೀವ್ ಉಂಡು ಬಿಸಾಕಿದ್ದರ ರಸ ನಮ್ ಬಾವಿಗೆ ಇಳೀಬೇಕಾ? ನಾವೆಂತ ಮಾಡಿದ್ವಿ ನಿಮಗೆ?"

"ಹಂಗಾರೆ ಎಲ್ಲಿ ಹಾಕದು ಮಾರಾಯ್ತಿ? ತಲೆ ಮೇಲೆ ಹೊತ್ಕಂಡು ತಿರುಗದಾ?" ಎಂದ ಪೇಟೆಯ ಅಂಗಡಿಯವನೊಬ್ಬ.

ಗಲಾಟೆ ಎದ್ದಿತು. ಆಗ ಹಾಲ್ ನಡುಗುವಂತೆ ವಿಸಿಲ್.

"ನಾರೋದು ಹಸಿಕಸ, ರಸ ಬಿಡೋದೂ ಅದೇ," ಎಂದರು ಡ್ರಿಲ್ ಮಿಸ್. "ಈ ಮಳೆಗಾಲ ಒಂದು ಬಿಡಿ. ನಮ್ ಬೀದಿಯಿಂದ ಒಂದು ಮುಷ್ಟಿ ಹಸಿಕಸ ಹೊರಗೆ ಬರಲ್ಲ. ಬಂದ್ರೆ ಕಸದ ಗುಂಡೀನ ನಮ್ಮನೆ ಹಿತ್ಲಲ್ಲೇ ತೋಡಿ."

ಅಧ್ಯಕ್ಷರು ನಕ್ಕರು. "ಆಯ್ತು ಮಿಸ್. ದೀಪಾವಳಿ ತನಕ ಒಂದ್ ಬೀದಿ ಮಾಡಿ ತೋರ್ಸಿ. ಆಗ್ಲಿಲ್ಲ ಅಂದ್ರೆ ಕ್ವಾರಿನೇ."

ಮಿಸ್ ಎಲ್ಲಿಂದಲೋ ಒಂದು ಪುಸ್ತಿಕೆ ತರಿಸಿದರು. ಹಿತ್ತಿಲಿಗೊಂದು ಗುಂಡಿ, ಹಗ್ಗ ಹಿಡಿದು ಅಳತೆ, ಫುಲ್ ಡಿಸಿಪ್ಲಿನ್. ಪುಸ್ತಿಕೆ ಬರೆದವರು ಬಯಲುಸೀಮೆಯವರಿರಬೇಕು. ಹೊಸನಗರದ ಕಡೆಯಿಂದ ಆರಿದ್ರೆ ಮಳೆ ಇಳಿದದ್ದೇ ತಡ, ಗುಂಡಿಗಳೆಲ್ಲ ಕೆರೆ! ಬಾಳೆಸಿಪ್ಪೆ, ನುಗ್ಗೆಕಾಯಿ ಚರಟ ಎಲ್ಲವೂ ಚರಂಡಿ ಹಿಡಿದು ಮೆರವಣಿಗೆ ಹೊರಟವು. ಮಾರನೇ ದಿನ ಆ ಕೆಳಕೇರಿಯ ಹೆಂಗಸು ಮಳೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಮಿಸ್ ಮನೆ ಗೇಟಿನ ಮುಂದೆ.

"ಏನ್ ಮಿಸ್ಸೇ, ನಿಮ್ ನುಗ್ಗೆಕಾಯಿ ನಮ್ ಸಸಿಮಡಿ ತನ್ಕ ಈಜ್ಕಂಡು ಬಂದವಲ್ಲ! ಅವಕ್ಕೂ ಡ್ರಿಲ್ ಕಲ್ಸಿದ್ರಾ?"

ಅವಳು ಹೋದ ಮೇಲೆ ಮಿಸ್ ನಮ್ಮ ವರಾಂಡಕ್ಕೆ ಬಂದು ಕೂತರು. ಕೊಟ್ಟ ಕಾಫಿ ಆರಿತು.

"ನಮ್ಮಮ್ಮ ಬೇಸಿಗೇಲೇ ದರಗು ಗುಡಿಸಿ ತುಂಬಿಡ್ತಿದ್ಲು ಕಾನ್ವೆಂಟಮ್ಮ," ಎಂದರು ಕೊನೆಗೆ. "ಒಣಗಿದ ಎಲೆ. ಮಳೆಗಾಲ ಪೂರ್ತಿ ಕೊಟ್ಟಿಗೆಗೆ ಹಾಸೋಕೆ. ನೀರು ಹೀರ್ಕಂಡು ಗೊಬ್ಬರ ಆಗ್ತಿದ್ದಿದ್ದು ಅದೇ ಅಲ್ವಾ? ನಾನು ಅದನ್ನ ಮರ್ತು ಪುಸ್ತಕ ಹಿಡ್ಕಂಡು ಕೂತೆ."

ಆದರೆ ಆರಿದ್ರೆಯಲ್ಲಿ ಒಣಎಲೆ ಎಲ್ಲಿಂದ ಬರಬೇಕು? ಕೂಡಿಟ್ಟಿದ್ದವರು ಕೆಳಕೇರಿಯವರು ಮಾತ್ರ. ಮಿಸ್ ಕೊರಳಿನ ವಿಸಿಲ್ ತೆಗೆದು ನನ್ನ ಟೀಪಾಯಿ ಮೇಲಿಟ್ಟರು. "ಬೇಡಕ್ಕೆ ಹೋಗೋವಾಗ ಇದೆಂತಕ್ಕೆ. ನೀವೂ ಬನ್ನಿ, ಪ್ಲೀಸ್." ಅವರ ಬಾಯಲ್ಲಿ ಆ ಪದ ಕೇಳಿದ್ದು ಅದೊಂದೇ ಸಲ.

ಅದೇ ಹೆಂಗಸಿನ ಅಂಗಳದಲ್ಲಿ ನಿಂತೆವು. ಎರಡು ಕೊಡೆ, ಎರಡೂ ಸೋರುತ್ತಿದ್ದವು. ಅವಳು ಕೊಟ್ಟಿಗೆಯ ಬಾಗಿಲಲ್ಲೇ ನಿಂತು, "ನಮ್ ದನಕ್ಕೆ ಹಾಸಕ್ಕೇ ಸಾಲದು. ಕೊಟ್ರೆ ಶ್ರಾವಣದಲ್ಲಿ ಅವು ಕೆಸರಲ್ಲಿ ಮಲಗ್ಬೇಕು," ಎಂದಳು.

"ಗೊಬ್ಬರ ಆದ್ದೆಲ್ಲ ನಿಮ್ ಗದ್ದೆಗೇ ಬರ್ತದೆ. ಬಾವಿ ಉಳೀತದೆ. ಬೇರೆಂತ ಕೊಡೋಕೂ ನನ್ ಹತ್ರ ಇಲ್ಲ."

ಅವಳು ಮಿಸ್ಸನ್ನು ಮೇಲಿಂದ ಕೆಳಗೆ ನೋಡಿದಳು. ಕೆಸರು ಮೆತ್ತಿದ ಶೂ ಮೇಲೆ ಕಣ್ಣು ನಿಂತಿತು. "ಶಾಲೇಲಿ ನನ್ನ ಬಿಸ್ಲಲ್ಲಿ ನಿಲ್ಸಿದ್ರಿ. ನೆನಪಿದ್ಯಾ?"

"ಓಡು ಅಂದ್ರೆ ಕೂತ್ಕಂಡು ನೆಲ್ಲಿಕಾಯಿ ತಿಂತಿದ್ದೆ. ಮತ್ತೆಂತ ಮಾಡ್ಲಿ?"

ಅವಳಿಗೆ ನಗು ತಡೆಯಲಾಗಲಿಲ್ಲ. "ಈಗ ನೀವ್ ನಿಂತಿದೀರಿ, ಮಳೇಲಿ. ಒಳಗ್ ಬನ್ನಿ ಮಿಸ್ಸೇ."

ಸಂಜೆಯೊಳಗೆ ದರಗಿನ ಮೂಟೆಗಳು ನಮ್ಮ ಬೀದಿಗೆ ಬಂದವು. ಗುಂಡಿ ಮುಚ್ಚಿ, ಸೂರಿನಡಿಯಲ್ಲಿ ತೂತು ಕೊರೆದ ಹಳೇ ಡ್ರಮ್ ಇಟ್ಟೆವು. ಒಂದು ಪದರ ಸಿಪ್ಪೆ, ಒಂದು ಪದರ ದರಗು. ಮೊದಲು ಮೂಗು ಮುಚ್ಚಿಕೊಂಡು ಮಾಡಿದೆ. ಶ್ರಾವಣದ ಹೊತ್ತಿಗೆ ಮುಚ್ಚಳ ತೆಗೆದರೆ ಕಾಡಿನ ಮಣ್ಣಿನ ವಾಸನೆ. ಸ್ಟ್ರೇಂಜ್, ಅದನ್ನು ಮೂಸಿ ನೋಡುವುದೇ ನನಗೊಂದು ಹುಚ್ಚಾಯಿತು.

ದೀಪಾವಳಿಗೆ ಅಧ್ಯಕ್ಷರು ಬಂದು ಡ್ರಮ್ಮಿಗೆ ಕೈ ಹಾಕಿ, ಬೆರಳು ಮೂಸಿ ಹೋದರು. ಮುಂದಿನ ಸಭೆಯಲ್ಲಿ ಕ್ವಾರಿಯ ಮಾತು ಬಿಟ್ಟುಹೋಯಿತು. ಉಳಿದ ಬೀದಿಗಳೂ ಗೊಣಗುತ್ತಲೇ ಡ್ರಮ್ ಇಟ್ಟವು. ಬಸ್‌ಸ್ಟ್ಯಾಂಡ್ ಹಿಂದೆ ಇವತ್ತಿಗೂ ಕದ್ದು ಎಸೆಯುವವರಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಫಾಲ್ಗುಣ ಬಂತೆಂದರೆ ಪೇಟೆಯವರು, ಕೆಳಕೇರಿಯವರು ಒಟ್ಟಿಗೇ ಗುಡ್ಡ ಹತ್ತಿ ಕ್ವಾರಿಯ ಸುತ್ತ ದರಗು ಗುಡಿಸುತ್ತಾರೆ. ಕೆಳಗೆ ಬಾವಿಯಲ್ಲಿ ಕೊಡ ಮುಳುಗುವ ಸದ್ದು ಮೇಲಕ್ಕೂ ಕೇಳುತ್ತದೆ.

ಹೋದ ಮಳೆಗಾಲದ ಒಂದು ಬೆಳಿಗ್ಗೆ ಮಿಸ್ ಮಗಳು ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯಲು ಕಾರು ತರಿಸಿದ್ದಳು. ಎದೆ ನೋವಂತೆ. ನಾನು ಗಾಬರಿಯಲ್ಲಿ ಕೈಯಲ್ಲಿದ್ದುದನ್ನು ಮುಂಬಾಗಿಲ ಪಕ್ಕದ ಡ್ರಮ್ಮಿಗೆ ಹಾಕಿ ಗೇಟಿಗೆ ಓಡಿದೆ. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಒರಗಿದ್ದರು. ಮುಖ ಬಿಳಿಚಿತ್ತು, ಕಾಲಲ್ಲಿ ಶೂ ಇತ್ತು. ಏನಾದರೂ ಒಳ್ಳೆಯ ಮಾತಾಡಬೇಕೆಂದುಕೊಂಡೆ. ಅಷ್ಟರಲ್ಲಿ ಕಾರು ಹೊರಟಿತು.

ನಾಲ್ಕು ಮಾರು ಹೋಗಿ ಗಕ್ಕನೆ ನಿಂತಿತು. ಕಿಟಕಿಯಿಂದ ವಿಸಿಲ್, ಗಿಡ್ಡದ್ದು. ಉಸಿರು ಸಾಲದೆ ಕೊನೆಯಲ್ಲಿ ಒಡೆದಿತ್ತು.

"ಕಾನ್ವೆಂಟಮ್ಮಾ! ಹಾಲಿನ ಕವರು!"

ನಾನು ವಾಪಸು ಹೋಗಿ ಸಿಪ್ಪೆಯ ನಡುವಿನಿಂದ ಕವರು ಹೆಕ್ಕಿ, ಮೇಲೆತ್ತಿ ತೋರಿಸಿದೆ. ಕಿಟಕಿಯಿಂದ ಒಂದು ಕೈ ಬಂದು, ಸರಿ ಎನ್ನುವಂತೆ ಆಡಿತು. ಕಾರು ತಿರುವಿನಲ್ಲಿ ಮರೆಯಾಗುವ ತನಕ ನಾನು ಆ ಕವರನ್ನು ಹಾಗೇ ಎತ್ತಿ ಹಿಡಿದಿದ್ದೆ.