ಎರಡು ಸೀಟಿನ ಗಾಡಿ

ಚಾಮರಾಜನಗರದ ಅಂಗಡಿಯಲ್ಲಿ ನನ್ನ ಇಬ್ಬರು ಮಕ್ಕಳಿಗೆ ತಳ್ಳುವ ಗಾಡಿ ನೋಡುತ್ತಿದ್ದಾಗ ಅತ್ತೆ ಎಲ್ಲರೆದುರೇ ಮೂದಲಿಸಿದರು: "ನಿಂಗೆ ಸೊಂಟ ಇಲ್ವೇನಮ್ಮಿ? ನಾನು ನಾಕು ಮಕ್ಳನ್ನೂ ಸೊಂಟದ್ಮೇಲೇ ಸಾಕ್ಬುಟ್ಟೆ."

ಅಂಗಡಿಯವನ ಜೊತೆ ನನ್ನ ಗಂಡನೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಒಂದು ಸೀಟಿನದು ಸಾಕೆಂದು ಬಂದಿದ್ದವಳು, ಅಲ್ಲಿದ್ದ ಅತಿ ದೊಡ್ಡ ಎರಡು ಸೀಟಿನ ಗಾಡಿಯನ್ನೇ ಹಟ ಹಿಡಿದು ಕೊಂಡೆ. ಬಸ್ಸಿನ ಟಾಪಿಗೆ ಹಾಕಿಸಿ ಗುಂಡ್ಲುಪೇಟೆಗೆ ತಂದೆ. ದಿನಾ ಸಂಜೆ ಮಕ್ಕಳನ್ನು ಕೂರಿಸಿ, ಜಗಲಿಯಲ್ಲಿ ಕೂತ ಅತ್ತೆಯ ಮುಂದೆಯೇ ಬೇಕೆಂದು ತಳ್ಳಿಕೊಂಡು ಹೋಗುತ್ತಿದ್ದೆ.

ತಿಂಗಳು ಕಳೆದಿರಲಿಲ್ಲ, ಅತ್ತೆಯೇ ಬಂದು ಕೇಳಿದರು: "ಆ ಗಾಡಿ ಕೊಡಮ್ಮಿ, ಸೊಸೈಟಿಯಿಂದ ಅಕ್ಕಿ ಮೂಟೆ ತರ್ಬೇಕು."

ನಾನು ಗಾಡಿಯ ಹಿಡಿ ಬಿಡಲಿಲ್ಲ.

"ಗಾಡಿ ಯಾಕತ್ತೆ? ಅಕ್ಕೀನೂ ಸೊಂಟದ್ಮೇಲೇ ಒತ್ಕೊಂಡ್ ಬನ್ನಿ."