ಫೋನ್ ಬರುವ ಮೊದಲೇ ಬರೆದ ನಂಬರು

ಮೊದಲೇ ಹೇಳಿಬಿಡುತ್ತೇನೆ: ಇಂಥ ಕಥೆ ಹೇಳುವವರನ್ನು ಎದುರಿಗೆ ಕೂರಿಸಿಕೊಂಡು ಎರಡೇ ಪ್ರಶ್ನೆಯಲ್ಲಿ ಸುಮ್ಮನಾಗಿಸುವುದು ನನಗೆ ಇಷ್ಟದ ಕೆಲಸವಾಗಿತ್ತು. ನೋಡಿದವರು ಯಾರು? ಪುರಾವೆ ಎಲ್ಲಿ? ಈ ಎರಡರ ಬಲದಿಂದಲೇ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದವಳು ನಾನು. ಈಗ ನೀವು ನನ್ನನ್ನೇ ಹಾಗೆ ಕೇಳಿದರೆ ಬೇಸರವಿಲ್ಲ, ಕೇಳಿ.

ಕೆಲವು ವರ್ಷಗಳ ಹಿಂದಿನ ಮಾತು. ಬಸವಾಪಟ್ಟಣದಲ್ಲಿ ಒಂದು ಚರ್ಚೆಗೆ ತೀರ್ಪುಗಾರಳಾಗಿ ಸ್ಕೂಟರಿನಲ್ಲಿ ಹೊರಟಿದ್ದೆ. ಚನ್ನಗಿರಿ ಸೀಮೆಯ ಅಂಚಿನಲ್ಲಿ ಒಂದು ಪುಟ್ಟ ರೈಲ್ವೆ ಸ್ಟೇಷನ್ನಿದೆ, ಹೆಸರು ಬೇಡ. ಮೀಟರ್‌ಗೇಜ್ ಕಾಲದ ಕಲ್ಲುಕಟ್ಟಡ. ಹಿಂದೆ ಉಗಿಬಂಡಿಗಳು ಅಲ್ಲಿ ನೀರು ಕುಡಿಯಲು ನಿಲ್ಲುತ್ತಿದ್ದವಂತೆ. ಈಗ ಎರಡು ಪ್ಯಾಸೆಂಜರ್ ರೈಲು ನಿಲ್ಲುತ್ತವೆ, ಉಳಿದವು ಧೂಳೆಬ್ಬಿಸಿ ಹೋಗುತ್ತವೆ. ಅಲ್ಲಿಂದ ಒಂದು ಮೈಲಿಗೆ ರೈಲ್ವೆ ಗೇಟು. ಬೆಳಗಿನ ಒಂಬತ್ತಕ್ಕೆ ಅಲ್ಲಿ ನಿಂತು, ಗೇಟು ಕಾಯುವ ರತ್ನಮ್ಮನ ಕೋಣೆಯಲ್ಲಿ ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಸಿಕ್ಕ ಕೆಲಸ, ಇಬ್ಬರು ಹೆಣ್ಣುಮಕ್ಕಳ ಓದು ಇದರ ಮೇಲೆಯೇ ಎಂದು ಆಕೆ ಹೇಳುತ್ತಿದ್ದರು.

ಮಾತಿನ ನಡುವೆ ತಟ್ಟನೆ ಎದ್ದು ಫೋನೆತ್ತಿದರು. “ಹೂಂ ಸಾರ್” ಎಂದರು. ಪುಸ್ತಕದಲ್ಲಿ 47 ಎಂದು ಬರೆದು, ಹೊರಗೆ ಹೋಗಿ ಗೇಟು ಹಾಕಿದರು. ಫೋನು ನನ್ನ ಮೊಣಕೈ ಪಕ್ಕದಲ್ಲಿತ್ತು. ಅದು ರಿಂಗಾಗಿರಲಿಲ್ಲ.

ಈ ನಂಬರಿನ ವಿಷಯ ತಿಳಿದಿರಲಿ. ಗಾಡಿ ಬಿಡುವ ಮೊದಲು ಸ್ಟೇಷನ್ ಮಾಸ್ತರರು ಗೇಟಿಗೆ ಫೋನ್ ಮಾಡಿ ಒಂದು ಗುಟ್ಟಿನ ನಂಬರು ಕೊಡುತ್ತಾರೆ. ಅವರ ಬಳಿ ಎರಡಂಕಿಯ ನಂಬರುಗಳ ಅಚ್ಚಾದ ಹಾಳೆ ಇರುತ್ತದೆ, ಅಡ್ಡಾದಿಡ್ಡಿ ಕ್ರಮದಲ್ಲಿ. ಕೊಟ್ಟದ್ದನ್ನು ಹೊಡೆದುಹಾಕಿ ಮುಂದಿನದಕ್ಕೆ ಹೋಗುತ್ತಾರೆ. ಗೇಟಿನವರು ಆ ಹಾಳೆಯನ್ನು ನೋಡುವಂತಿಲ್ಲ. ಫೋನ್ ಬರದೆಯೇ ನಂಬರು ಬರೆದರೆ ಅದು ಸುಳ್ಳು ದಾಖಲೆ, ಕೆಲಸಕ್ಕೇ ಕುತ್ತು.

ಹದಿನೈದು ನಿಮಿಷವಾದರೂ ರೈಲಿಲ್ಲ. ಗೇಟಿನ ಆಚೀಚೆ ಬೈಕು, ಟ್ರ್ಯಾಕ್ಟರುಗಳು ಸೇರಿದವು.

“ಏನ್ ರತ್ನಕ್ಕ, ರೈಲು ಹುಟ್ಟಾಕೆ ಮುಂಚೇನೆ ಗೇಟ್ ಹಾಕೀರಲ್ಲ! ಹಾಲು ಇಲ್ಲೇ ಮೊಸರಾಗ್ತೈತೆ” ಎಂದ ಬೈಕಿನ ಹಾಲಿನವನು.

“ಗಾಡಿ ಬರಾಕೆ ಐತೆ, ಸುಮ್ನೆ ನಿಂತ್ಕೊಳೋ.”

ನನಗೆ ರೇಗಿತು. ಮೊಬೈಲ್ ತೆಗೆದು ವಿಡಿಯೋ ಶುರು ಮಾಡಿದೆ. ಫೋನ್ ಬಂದಿಲ್ಲ, ನಾನೇ ಸಾಕ್ಷಿ; ಈ 47 ತಾವೇ ಹುಟ್ಟಿಸಿದ ನಂಬರು ಎಂದು ಪುಸ್ತಕದ ಪುಟವನ್ನೇ ಹಿಡಿದು ವಾದ ಮಂಡಿಸಿದೆ. ಚೆನ್ನಾಗಿಯೇ ಮಂಡಿಸಿದೆ. “ಮೇಲಿನವ್ರಿಗೆ ಕಳ್ಸಿ ಮೇಡಂ, ಬುದ್ಧಿ ಬರ್ಲಿ” ಎಂದ ಹಾಲಿನವನು.

ಆಗ ಫೋನ್ ರಿಂಗಾಯಿತು, ಕೋಣೆ ನಡುಗುವ ಹಾಗೆ. ರತ್ನಮ್ಮ ಎತ್ತಿದರು. ಮಾಸ್ತರರ ದನಿ ನನಗೂ ಸ್ಪಷ್ಟವಾಗಿ ಕೇಳಿತು: “ಗೇಟ್ ಹಾಕಮ್ಮ, ಒಂದು ಇಂಜಿನ್ ಬರ್ತೈತೆ. ನಂಬರ್ ನಾಕು ಏಳು.”

“ಆಗ್ಲೇ ಹೇಳಿದ್ರಲ್ಲ ಸಾರ್? ಬರ್ಕಂಡೀನಿ.”

“ಯಾವಾಗ ಹೇಳಿದ್ನಮ್ಮ? ಈಗ ಹಾಳೆ ತೆಗ್ದೀನಿ!”

ಇಂಜಿನ್ ಬಂದು ಹೋಯಿತು. ಗೇಟು ತೆರೆದರೂ ನಾನು ಬಸವಾಪಟ್ಟಣದ ಕಡೆ ತಿರುಗಲಿಲ್ಲ. ನೇರ ಸ್ಟೇಷನ್ನಿಗೆ ಹೋದೆ. ಬಹಳ ಹೊತ್ತು ಕಾಡಿದ ಮೇಲೆ ಮಾಸ್ತರರು ಆ ದಿನ ಹೊಡೆದುಹಾಕಿದ ಸಾಲನ್ನಷ್ಟೇ ತೋರಿಸಿದರು. 47 ಅಲ್ಲಿ ಒಂದೇ ಸಲ ಇತ್ತು. ಕೊನೆಯಲ್ಲಿ. ಅದರ ಪಕ್ಕದಲ್ಲಿ ಬರೆದಿದ್ದ ಸಮಯ, ಫೋನ್ ರಿಂಗಾದ ಸಮಯವೇ.

ಕಾಕತಾಳೀಯ ಅನ್ನುತ್ತೀರಾ? ಎರಡಂಕಿಯ ತೊಂಬತ್ತು ಸಂಖ್ಯೆಗಳಲ್ಲಿ ಒಂದು, ಆಗಬಹುದು, ಒಪ್ಪುತ್ತೇನೆ. ಆದರೆ ವೇಳಾಪಟ್ಟಿಯಲ್ಲೇ ಇಲ್ಲದ ಇಂಜಿನ್ನಿಗೆ ಗೇಟು ಹಾಕಿದ್ದು? ಮಾಸ್ತರರೂ ರತ್ನಮ್ಮನೂ ಸೇರಿ ಆಡಿದ ನಾಟಕವೇ? ನಾನು ನೀರಿಗೆ ನಿಲ್ಲುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಗೇಟಿಗೆ ವಾಪಸು ಬಂದಾಗ ರತ್ನಮ್ಮ ನನ್ನ ಕೈಯ ಮೊಬೈಲನ್ನೇ ನೋಡುತ್ತಿದ್ದರು. “ನಂಗ್ ಕೇಳಿಸ್ತು, ಬರ್ದೆ. ಕಳ್ಸಾದಾದ್ರೆ ಕಳ್ಸಿ ಮೇಡಂ. ಸುಳ್ಳಂತೂ ಬರ್ದಿಲ್ಲ ನಾನು.”

ವಿಡಿಯೋ ಮೇಲಿನವರಿಗೆ ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಫೋನಿಲ್ಲದೆ ನಂಬರು ಬರೆದರೆಂಬ ಮೊದಲ ಅರ್ಧವನ್ನು ಎಲ್ಲರೂ ನಂಬುತ್ತಾರೆ, ಅದೇ ನಂಬರು ಆಮೇಲೆ ಬಂತೆಂಬ ಎರಡನೆಯ ಅರ್ಧವನ್ನು ಯಾರೂ ನಂಬುವುದಿಲ್ಲ. ಆಕೆಯ ಎದುರಿಗೇ ಅಳಿಸಿದೆ.

ಆದ್ದರಿಂದ ಪುರಾವೆ ಕೇಳಿದರೆ ನನ್ನ ಬಳಿ ಇಲ್ಲ. ಆಕೆ ಸುಳ್ಳು ಹೇಳಲಿಲ್ಲ, ಫೋನ್ ರಿಂಗಾಗಲಿಲ್ಲ. ಇವೆರಡೂ ನನಗೆ ಖಚಿತ. ಎರಡನ್ನೂ ಒಟ್ಟಿಗೆ ನಿಲ್ಲಿಸುವ ವಾದ ಮಾತ್ರ ಇವತ್ತಿಗೂ ಸಿಕ್ಕಿಲ್ಲ.